ಕುರ್ಚಿ ತಪ್ಪಿಸಿಕೊಳ್ಳಲು ಓದಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಚಕ್ರ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಜ್ಜಿ ಯಾವಾಗಲೋ ಬೈದದ್ದು ಹಾಗೆಯೇ ಅಂಟಿಕೊಂಡುಬಿಟ್ಟಿತ್ತು. ಅವಳು ನಿಂತೇ ಊಟ ಮಾಡುತ್ತಿದ್ದಳು, ಓಡಾಡುತ್ತ ಹಲ್ಲುಜ್ಜುತ್ತಿದ್ದಳು. ಫೋನ್ ಬಂದರೆ ಅಡುಗೆಮನೆಯಿಂದ ಹೊರಬಾಗಿಲಿಗೆ, ಹೊರಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಲೇ ಮಾತು ಮುಗಿಸುತ್ತಿದ್ದಳು. ನಾನು ಹಳ್ಳಿಯಿಂದ ಡಿಗ್ರಿ ಓದಲು ಬಂದು ಅವಳ ಮನೆ ಸೇರಿದ ಹೊಸದರಲ್ಲಿ, ಈ ಮನೆಯಲ್ಲಿ ಯಾರೋ ಏನನ್ನೋ ಕಳೆದುಕೊಂಡು ಸದಾ ಹುಡುಕುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಚಿಕ್ಕಮ್ಮ ಸಿಟಿ ಬಸ್ಸಿನ ಕಂಡಕ್ಟರ್. ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಕಾಲಿಡಲು ಜಾಗವಿಲ್ಲದಷ್ಟು ತುಂಬಿದ ಬಸ್ಸಿನಲ್ಲಿ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ನೀರಿನ ಹಾಗೆ ಸಾಗುತ್ತಿದ್ದಳು. ಕಂಬಿ ಹಿಡಿಯುತ್ತಲೇ ಇರಲಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗ ಎಲ್ಲರೂ ಮುಗ್ಗರಿಸಿದರೆ ಇವಳು ಒಂದು ಪಾದದಿಂದ ಇನ್ನೊಂದಕ್ಕೆ ಭಾರ ಬದಲಿಸಿ, "ಮುಂದೆ ಹೋಗಿ, ದಾರೀಲಿ ನಿಲ್ಲಬೇಡಿ" ಎಂದು ಕೂಗುತ್ತಿದ್ದಳು.

ಆ ಕೆಲಸಕ್ಕೇ ಸಂಚಕಾರ ಬಂತು. ಟಿಕೆಟ್ ಎಲ್ಲ ಇನ್ನು ಫೋನಿನಲ್ಲೇ, ಒಂದೊಂದೇ ರೂಟಿನಿಂದ ಕಂಡಕ್ಟರುಗಳನ್ನು ತೆಗೆಯುತ್ತೇವೆ, ತೆಗೆದವರನ್ನು ಫೋನಿಲ್ಲದವರಿಗೆಂದು ಇರುವ ನಿಲ್ದಾಣದ ಟಿಕೆಟ್ ಕಿಟಕಿಗಳಲ್ಲಿ ಕೂರಿಸುತ್ತೇವೆ ಎಂದು ಡಿಪೊದಲ್ಲಿ ಹೇಳಿದರು. ಕೆಲಸ ಹೋಗುವುದಿಲ್ಲ, ಸಂಬಳವೂ ಅಷ್ಟೇ. ಜೊತೆಯವರೆಲ್ಲ ಸದ್ಯ ಬದುಕಿದೆವು ಎಂದರು. ಚಿಕ್ಕಮ್ಮ ಮಾತ್ರ ಊಟದ ಡಬ್ಬಿ ಹಾಗೆಯೇ ಮನೆಗೆ ತಂದಳು.

"ಕೂರೋ ಕೆಲಸ ಅಂದ್ರೆ ಅಷ್ಟೊಂದು ಭಯಾನಾ?" ಎಂದ ಚಿಕ್ಕಪ್ಪ. ಅವನು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೀಟರಿನ ಮುಳ್ಳು ನೋಡುತ್ತ ಕೂರುವವನು. "ನಾನು ಇಷ್ಟು ವರ್ಷ ಕೂತೇ ಅನ್ನ ತಿಂದಿಲ್ವಾ?"

"ನಿಮ್ಮನ್ನ ನೋಡಿಯೇ ನಂಗೆ ಭಯ ಆಗಿರೋದು" ಎಂದಳು ಚಿಕ್ಕಮ್ಮ.

ಹಿಂದೆ ಒಮ್ಮೆ ಬೇರೆಯವರ ರಜೆಗೆ ಬದಲಿಯಾಗಿ ಆ ಕಿಟಕಿಯಲ್ಲಿ ಕೂತು ಬಂದಿದ್ದಳಂತೆ. ಮಬ್ಬು ಗಾಜಿನ ತೂತು, ತೂತಿನಾಚೆ ಬಗ್ಗಿದ ಮುಖ, ಈಚೆ ತಿರುಗುವ ಕುರ್ಚಿ. ಸಂಜೆ ಮನೆಗೆ ಬಂದಾಗ ಕಾಲು ಊದಿತ್ತು, ಕಂಡವರ ಮೇಲೆಲ್ಲ ಸಿಡುಕುತ್ತಿದ್ದಳು ಎಂದು ಚಿಕ್ಕಪ್ಪನೇ ನನಗೆ ಹೇಳಿದ್ದ.

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಪ್ರಯಾಣಿಕರ ಆ್ಯಪ್ ಮತ್ತು ಬಸ್ಸುಗಳೊಳಗಿನ ಯಂತ್ರಗಳನ್ನು ನೋಡಿಕೊಳ್ಳಲು ಡಿಪೊದಲ್ಲಿ ಹೊಸದೊಂದು ವಿಭಾಗ ಮಾಡುತ್ತಿದ್ದರು. ಆ ವಿಭಾಗದವರು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಯಂತ್ರ ಪರೀಕ್ಷಿಸಬೇಕು, ಎಲ್ಲಿ ಕೆಟ್ಟಿತೋ ಅಲ್ಲಿಗೆ ಹೋಗಬೇಕು. ಹನ್ನೆರಡನೇ ತರಗತಿಯನ್ನು ಕಂಪ್ಯೂಟಿಂಗ್ ವಿಷಯದೊಂದಿಗೆ ಪಾಸು ಮಾಡಿದ ನೌಕರರು ಅರ್ಜಿ ಹಾಕಬಹುದು. ಚಿಕ್ಕಮ್ಮ ಓದಿದ್ದು ಹತ್ತನೇ ತರಗತಿ, ಅದೂ ಎಷ್ಟೋ ವರ್ಷಗಳ ಹಿಂದೆ. ಮರುದಿನವೇ ಸಂಜೆ ಕಾಲೇಜಿಗೆ ಹೋಗಿ, ಗಣಿತ ಮುಂತಾದವುಗಳ ಜೊತೆ ಆ್ಯಪ್ ತಯಾರಿಕೆ ಮತ್ತು ಕಂಪ್ಯೂಟಿಂಗ್ ಕಲಿಸಿ ಹನ್ನೆರಡನೇ ತರಗತಿಯ ಪರೀಕ್ಷೆಗೆ ಕಳಿಸುವ ಎರಡು ವರ್ಷದ ತರಗತಿಗೆ ಸೇರಿ ಬಂದಳು.

"ಅಲ್ಲಿ ಬೆಂಚಿನ ಮೇಲೆ ಕೂರಬೇಕಲ್ಲ, ಏನು ಮಾಡ್ತೀಯ?" ಎಂದ ಚಿಕ್ಕಪ್ಪ.

"ಎರಡು ವರ್ಷ ಕೂರ್ತೀನಿ. ಜೀವನಪೂರ್ತಿ ಕೂರೋದು ತಪ್ಪುತ್ತಲ್ಲ."

ನನ್ನ ತರಗತಿಗಳು ಹಗಲಿನಲ್ಲಿ ಮುಗಿಯುತ್ತಿದ್ದವು. ಸಂಜೆ ಅವಳ ಜೊತೆ ಹೋಗಿ ಲ್ಯಾಬಿನ ಕೊನೆಯ ಸಾಲಿನಲ್ಲಿ ನನ್ನ ಪುಸ್ತಕ ಓದಿಕೊಳ್ಳುತ್ತಿದ್ದೆ. ಲ್ಯಾಬ್ ಮೇಡಂ ಬೇಡವೆನ್ನಲಿಲ್ಲ. ಅವರು ಚಿಕ್ಕಮ್ಮನಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಸಣ್ಣ ದನಿಯವರು, ಬೋರ್ಡಿನ ಮೇಲೆ ಅಳಿಸಿ ಅಳಿಸಿ ಬರೆಯುವವರು. ಲ್ಯಾಬಿನಲ್ಲಿದ್ದ ಕಂಪ್ಯೂಟರುಗಳು ಅರ್ಧದಷ್ಟು ವಿದ್ಯಾರ್ಥಿಗಳಿಗೆ ಮಾತ್ರ ಸಾಲುತ್ತಿದ್ದವು. ಹಾಗಾಗಿ ಒಂದು ಯಂತ್ರಕ್ಕೆ ಇಬ್ಬರು. ಒಬ್ಬರು ಯೋಚಿಸಿ ಹೇಳಬೇಕು, ಇನ್ನೊಬ್ಬರು ಟೈಪ್ ಮಾಡಬೇಕು, ಮುಂದಿನ ತರಗತಿಯಲ್ಲಿ ಅದಲು ಬದಲು. ಇದು ಮೇಡಂ ಮೊದಲ ದಿನವೇ ಹೇಳಿದ ನಿಯಮ.

ಚಿಕ್ಕಮ್ಮನಿಗೆ ಜೋಡಿಯಾಗಿ ಸಿಕ್ಕವನನ್ನು ಎಲ್ಲರೂ ಜೆರಾಕ್ಸ್ ಎಂದು ಕರೆಯುತ್ತಿದ್ದರು. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ತೆಳ್ಳನೆಯ ಯುವಕ. ದಿನವಿಡೀ ಜನ ಹೇಳಿದ್ದನ್ನು ಟೈಪ್ ಮಾಡಿ ಮಾಡಿ ಅವನ ಬೆರಳುಗಳು ಕಾಣಿಸದಷ್ಟು ಬೇಗ ಓಡುತ್ತಿದ್ದವು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಚಿಕ್ಕಮ್ಮ ಅವನ ಬೆನ್ನಹಿಂದೆ ಅತ್ತಿಂದಿತ್ತ ನಡೆಯುತ್ತ ಹೇಳುವಳು, ಅವನು ಹೊಡೆಯುವನು. ಮೊದಲ ತಿಂಗಳಲ್ಲಿ ಒಮ್ಮೆ ಅವರಿಬ್ಬರ ಆ್ಯಪ್ ತೆರೆದಾಗ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಂದದ್ದು: 'ಸ್ವಾಗತ ಅಂತ ಹಾಕು ತಮ್ಮಾ.'

ಇಡೀ ಲ್ಯಾಬ್ ನಕ್ಕಿತು. "ತಮ್ಮಾ ಅಂತಲೂ ಹೊಡೆದಿದ್ದೀಯಲ್ಲೋ" ಎಂದಳು ಚಿಕ್ಕಮ್ಮ.

"ನೀವು ಹೇಳಿದ್ರಲ್ಲ ಅಕ್ಕ. ಅಂಗಡೀಲಿ ಹೇಳಿದ್ದರಲ್ಲಿ ಒಂದು ಮಾತು ಬಿಟ್ರೂ ಜಗಳಕ್ಕೆ ಬರ್ತಾರೆ."

ಆದರೆ ಜೋಡಿ ಕುದುರಿತು. ಪ್ರೋಗ್ರಾಂ ಅಂದರೆ ಬಸ್ ರೂಟ್ ಎಂದು ಚಿಕ್ಕಮ್ಮ ತೀರ್ಮಾನಿಸಿಕೊಂಡಿದ್ದಳು. ಹೊರಡುವ ಜಾಗ, ತಲುಪುವ ಜಾಗ, ನಡುವೆ ಕವಲುಗಳು. ಇಂಥದ್ದು ಆದರೆ ಎಡಕ್ಕೆ, ಆಗದಿದ್ದರೆ ನೇರ. ಕೊನೆಯ ನಿಲ್ದಾಣ ಬರುವ ತನಕ ಪ್ರತಿ ನಿಲ್ದಾಣದಲ್ಲೂ ಅದನ್ನೇ ಮತ್ತೆ ಮಾಡು. ನಡೆಯುತ್ತ ನಡೆಯುತ್ತ ಅವಳ ತಲೆ ಚುರುಕಾಗಿ ಓಡುತ್ತಿತ್ತು. ಮೇಡಂ ಒಮ್ಮೆ ಕೇಳಿದರು: "ನೀವು ಸ್ವಲ್ಪ ಕೂತ್ಕೊಂಡು ಹೇಳಬಹುದಾ? ನಿಮ್ಮನ್ನ ನೋಡ್ತಾ ನಂಗೆ ತಲೆ ಸುತ್ತುತ್ತೆ."

"ಕೂತ್ರೆ ನನ್ನ ತಲೆ ನಿಲ್ಲುತ್ತೆ ಮೇಡಂ."

ಅದಲು ಬದಲಿನ ನಿಯಮ ಎರಡು ವಾರವೂ ಬಾಳಲಿಲ್ಲ. ಚಿಕ್ಕಮ್ಮ ಕೀಬೋರ್ಡಿನ ಮುಂದೆ ಕೂತರೆ ಒಂದು ಸಾಲು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಜೆರಾಕ್ಸ್‌ಗೆ ಯೋಚಿಸಿ ಹೇಳು ಎಂದರೆ ಅವನು ಕತ್ತು ತುರಿಸಿಕೊಳ್ಳುತ್ತ ನಿಲ್ಲುತ್ತಿದ್ದ. ಕೆಲಸ ಆಗಬೇಕಲ್ಲ. ಬಾಯಿ ಇವಳದು, ಕೈ ಅವನದು ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡರು. ಬಸ್ಸು ಎಲ್ಲಿದೆ ಎಂದು ತೋರಿಸುವ ಅವರ ಆ್ಯಪ್ ತರಗತಿಯಲ್ಲೇ ಚೆನ್ನಾಗಿದೆ ಎನ್ನಿಸಿಕೊಂಡಿತು. ಮನೆಯಲ್ಲಿ ಚಿಕ್ಕಪ್ಪ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಹೆಂಡತಿ ಯಾವ ನಿಲ್ದಾಣದಲ್ಲಿದ್ದಾಳೆ ಎಂದು ನೋಡಿ ಚಹಾಕ್ಕೆ ನೀರಿಡತೊಡಗಿದ.

ಎರಡನೇ ವರ್ಷದ ಕೊನೆಯಲ್ಲಿ ಮೇಡಂ ಮಾದರಿ ಪ್ರಾಯೋಗಿಕ ಪರೀಕ್ಷೆ ಇಟ್ಟರು. ಅಸಲಿ ಪರೀಕ್ಷೆಯಂತೆಯೇ ಒಬ್ಬೊಬ್ಬರಿಗೆ ಒಂದೊಂದು ಯಂತ್ರ, ಅರ್ಧ ತರಗತಿ ಒಂದು ದಿನ, ಉಳಿದರ್ಧ ಇನ್ನೊಂದು ದಿನ. ಒಬ್ಬೊಬ್ಬರೇ ಕೂರಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅದು ತಮಗೆ ಏನು ಮಾಡುತ್ತದೆ ಎಂದು ಇವರಿಬ್ಬರೂ ಯೋಚಿಸಿರಲಿಲ್ಲ.

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಎರಡೂ ಕೈ ಕೀಬೋರ್ಡಿನ ಮೇಲಿಟ್ಟಳು. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅವಳ ಮೊಣಕಾಲು ಕುಣಿಯುತ್ತಿತ್ತು. ಪರದೆ ಖಾಲಿ. ಮುಗಿಯುವ ಗಂಟೆ ಹೊಡೆದಾಗಲೂ ಖಾಲಿ. ಎರಡು ಸಾಲು ಆಚೆ ಜೆರಾಕ್ಸ್ ಮಾತ್ರ ತಡೆಯಿಲ್ಲದೆ ಹೊಡೆಯುತ್ತಿದ್ದ. ಅವನಾದರೂ ದಡ ಸೇರಿದ ಎಂದು ನಾನು ಅಂದುಕೊಂಡೆ.

ಮೇಡಂ ಇಬ್ಬರನ್ನೂ ಮೇಜಿನ ಹತ್ತಿರ ಕರೆದರು. "ಒಬ್ಬರು ಏನೂ ಬರೆದಿಲ್ಲ. ಇನ್ನೊಬ್ಬರು ನನ್ನ ಪ್ರಶ್ನೆಪತ್ರಿಕೇನ ಅಂದವಾಗಿ ಟೈಪ್ ಮಾಡಿ ಇಟ್ಟಿದ್ದಾರೆ. ನಾನು ಮಾಡಿದ್ದ ತಪ್ಪನ್ನೂ ಬಿಟ್ಟಿಲ್ಲ."

ಜೆರಾಕ್ಸ್ ನೆಲ ನೋಡಿದ. "ಕೈ ಸುಮ್ಮನೆ ಇರಲಿಲ್ಲ ಮೇಡಂ" ಎಂದ.

ಮೇಡಂ ನಗಲಿಲ್ಲ. "ತಪ್ಪು ನನ್ನದೂ ಇದೆ. ಕೆಲಸ ಆಗ್ತಿದೆ ಅಂತ ನಾನೂ ಕಣ್ಣು ಮುಚ್ಚಿಕೊಂಡೆ. ಈಗ ನೀವಿಬ್ಬರೂ ಸೇರಿ ಒಬ್ಬ ವಿದ್ಯಾರ್ಥಿ. ಪರೀಕ್ಷೇಲಿ ಇಬ್ಬರು ಬೇಕು."

ಅಂದು ಮನೆಗೆ ಬಂದ ಚಿಕ್ಕಮ್ಮ ಒಣಗಿದ ಬಟ್ಟೆ ಮಡಿಸಿದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಮರುದಿನ ಡಿಪೊದಿಂದ ಇನ್ನೊಂದು ಸುದ್ದಿ. ಅವಳ ರೂಟಿಗೂ ದಿನ ಗೊತ್ತಾಗಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ಕಿಟಕಿಗೆ ಹೋಗಬೇಕು. ಪಾಸಾದರೆ ಹೊಸ ವಿಭಾಗಕ್ಕೆ ಕಳಿಸುತ್ತಾರೆ. ಇಲ್ಲದಿದ್ದರೆ ಆ ವಿಭಾಗಕ್ಕೆ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆ, ಇವಳ ಜಾಗ ಕುರ್ಚಿಯಲ್ಲೇ ಖಾಯಂ.

"ಇನ್ನೊಂದು ವರ್ಷ ಓದಿದ್ರೆ ಆಯ್ತಪ್ಪ" ಎಂದ ಚಿಕ್ಕಪ್ಪ.

"ಇನ್ನೊಂದು ವರ್ಷಕ್ಕೆ ಆ ಕೆಲಸ ಇನ್ಯಾರದೋ ಆಗಿರುತ್ತೆ ರೀ."

ಅವನು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದ.

ಅಭ್ಯಾಸ ಶುರುವಾದದ್ದು ಜೆರಾಕ್ಸ್ ಅಂಗಡಿಯಲ್ಲಿ. ಕೋರ್ಟಿನ ಕಲಾಪ ನಡೆಯುವ ಮಧ್ಯಾಹ್ನದ ಹೊತ್ತು ಅಂಗಡಿಗೆ ಗಿರಾಕಿಗಳು ಕಡಿಮೆ. ಬೆಳಗಿನ ಪಾಳಿ ಮುಗಿಸಿ ಚಿಕ್ಕಮ್ಮ ಸಮವಸ್ತ್ರದಲ್ಲೇ ಬರುತ್ತಿದ್ದಳು, ಕಾಲೇಜು ಬೇಗ ಬಿಟ್ಟ ದಿನ ನಾನೂ. ಈಗ ಕೈ ಇವಳದು, ಬಾಯಿ ಅವನದು.

"ಹೇಳು ತಮ್ಮಾ."

"ಏನು ಹೇಳಲಿ ಅಕ್ಕ?"

"ನಾನು ಎರಡು ವರ್ಷ ಹೇಳಿದ್ದು ನಿನ್ನ ಬೆರಳಿಗೆ ಮಾತ್ರ ಹೋಯ್ತಾ, ತಲೆಗೆ ಹೋಗಲೇ ಇಲ್ವಾ?"

"ತಲೆ ಮೇಲಿಂದ ಹೋಯ್ತು ಅಕ್ಕ."

ಚಿಕ್ಕಮ್ಮ ಒಂದು ಬೆರಳಿನಲ್ಲಿ ಅಕ್ಷರ ಹುಡುಕುವಳು. ಬೇಕಾದದ್ದು ಸಿಗದಿದ್ದರೆ ಸಿಕ್ಕಿದ್ದನ್ನೇ ಗುದ್ದುವಳು. "ಈ ಅಕ್ಷರಗಳನ್ನ ಯಾರು ಹೀಗೆ ಕೂರಿಸಿದ್ದು? ಬಸ್ಸಲ್ಲಿ ಸೀಟು ಸಿಕ್ಕಿದ ಕಡೆ ಜನ ಕೂತ ಹಾಗಿದೆ" ಎನ್ನುವಳು. ಜೆರಾಕ್ಸ್ ತಡೆಯಲಾರದೆ ಕೈ ಚಾಚಿದರೆ ಆ ಕೈಗೆ ಒಂದು ಏಟು. ಅವನ ಬಾಯಿಂದ ಒಂದು ವಾಕ್ಯ ಹೊರಡಿಸಲು ಇವಳು ಗದರಿಸುವಳು, ಕಾಡಿಸುವಳು. "ಬಟನ್ ಒತ್ತಿದ. ಆಮೇಲೆ? ಬಸ್ಸು ಎಲ್ಲಿಗೆ ಹೋಗಬೇಕು? ಡ್ರೈವರು ನಿನ್ನ ಮುಖ ನೋಡ್ತಿದ್ದಾನೆ, ಹೇಳು." ಅವನು ಬೆವರು ಒರೆಸಿಕೊಂಡು, "ಸಂಖ್ಯೆ ಸರಿಯಿದ್ರೆ ಮುಂದೆ. ಇಲ್ದಿದ್ರೆ, ಇಲ್ದಿದ್ರೆ ವಾಪಸ್" ಎನ್ನುವನು. ಅಷ್ಟು ಬಂದ ದಿನ ಚಿಕ್ಕಮ್ಮ ಅವನಿಗೆ ಬಿಸ್ಕತ್ತು ಕೊಡಿಸಿದಳು.

ಆ ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದು ಅವನದು. ಗಿರಾಕಿಗಳು ಎದೆಮಟ್ಟದ ಕೌಂಟರಿನ ಈಚೆ ನಿಲ್ಲಬೇಕು. ಆದ್ದರಿಂದ ಅವನು ಕೀಬೋರ್ಡನ್ನು ಕೌಂಟರಿನ ಮೇಲಿಟ್ಟು ಪರದೆಯನ್ನು ಇವಳ ಕಡೆ ತಿರುಗಿಸಿಕೊಟ್ಟಿದ್ದ. ಒಂದು ಮಧ್ಯಾಹ್ನ ನಾನು ಪುಸ್ತಕದಿಂದ ತಲೆಯೆತ್ತಿ ನೋಡಿದರೆ ಚಿಕ್ಕಮ್ಮ ಮಾತಾಡುತ್ತಿರಲಿಲ್ಲ. ಜೆರಾಕ್ಸ್ ಕೂಡ ಸುಮ್ಮನಿದ್ದ. ಅವಳ ಪಾದಗಳು ಮಾತ್ರ ನಿಂತಲ್ಲೇ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಓಡುವ ಬಸ್ಸಿನೊಳಗೆ ಭಾರ ಬದಲಿಸುವ ಹಾಗೆ ಆಡುತ್ತಿದ್ದವು. ಬೆರಳುಗಳು ನಿಧಾನವಾಗಿ, ಆದರೆ ನಿಲ್ಲದೆ, ಒತ್ತುತ್ತಿದ್ದವು. ಯಾರೂ ಹೇಳಿಕೊಡದೆ ಅವಳೇ ಒಂದು ಪುಟ್ಟ ಪ್ರೋಗ್ರಾಂ ಮುಗಿಸಿದಳು. ಮುಗಿಸಿ, ಏನೋ ಕಳ್ಳತನ ಮಾಡಿದವಳಂತೆ ನಮ್ಮಿಬ್ಬರ ಮುಖ ನೋಡಿದಳು.

ಅಂದು ಸಂಜೆಯೇ ಮೇಡಂ ಹತ್ತಿರ ಹೋದಳು. ನಿಂತುಕೊಂಡು ಪರೀಕ್ಷೆ ಬರೆಯಬಹುದೇ ಎಂದು ಕೇಳಿದಳು. ಮೇಡಂ ಪ್ರವೇಶಪತ್ರ ತಿರುವಿ ನೋಡಿದರು. ಅಭ್ಯರ್ಥಿಯು ತನಗೆ ಗೊತ್ತುಮಾಡಿದ ಸ್ಥಳವನ್ನು ಬಿಟ್ಟು ಕದಲಬಾರದು ಎಂದಿತ್ತು.

"ಪರೀಕ್ಷಕರು ಹೊರಗಿನಿಂದ ಬರ್ತಾರೆ. ನಾನು ಹೂಂ ಅನ್ನೋ ಹಾಗಿಲ್ಲ" ಎಂದರು ಮೇಡಂ.

"ಉಹೂಂ ಅಂತೀರಾ?"

"ಉಹೂಂ ಅಂತಲೂ ಅಂದಿಲ್ಲ."

ಪರೀಕ್ಷೆಯ ದಿನ ನಾನು ಕಾರಿಡಾರಿನಲ್ಲಿ ಕಾಯುತ್ತಿದ್ದೆ. ಸೆಕೆಗೆ ಲ್ಯಾಬಿನ ಕಿಟಕಿಗಳನ್ನು ತೆರೆದಿಟ್ಟಿದ್ದರು. ಚಿಕ್ಕಮ್ಮ ಮೊದಲು ಎಲ್ಲರಂತೆ ಕೂತಳು. ಪ್ರಶ್ನೆ ಓದಿದಳು. ಗ್ರಂಥಾಲಯಕ್ಕೆ ಒಂದು ಆ್ಯಪ್: ಓದುಗರು ತಮ್ಮ ಸಂಖ್ಯೆ ಹಾಕಿ ಬಟನ್ ಒತ್ತಿದರೆ ಪುಸ್ತಕ ಯಾವತ್ತು ಹಿಂದಿರುಗಿಸಬೇಕು ಎಂದು ತೋರಿಸಬೇಕು, ಸಂಖ್ಯೆ ತಪ್ಪಾಗಿದ್ದರೆ ಹಾಗೆಂದು ತಿಳಿಸಬೇಕು. ಅವಳ ಕೈ ಕೀಬೋರ್ಡಿನ ಮೇಲೆ ಕೂತು ಹಾಗೆಯೇ ಉಳಿಯಿತು. ಮೊಣಕಾಲು ಕುಣಿಯತೊಡಗಿತು. ಮೇಜು ಅಲುಗಿ ಪಕ್ಕದ ಹುಡುಗಿ ತಿರುಗಿ ನೋಡಿದಳು. ನನಗೆ ಕಿಟಕಿಯ ಆಚೆ ನಿಲ್ಲಲಾಗಲಿಲ್ಲ. ಕಾರಿಡಾರಿನಲ್ಲಿ ನಾನೇ ಅತ್ತಿಂದಿತ್ತ ನಡೆಯತೊಡಗಿದ್ದೆ.

ಮತ್ತೆ ಇಣುಕಿದಾಗ ಚಿಕ್ಕಮ್ಮ ಎದ್ದು ನಿಂತಿದ್ದಳು. ಕೂತಿದ್ದ ಸ್ಟೂಲನ್ನು ಎತ್ತಿ ಮೇಜಿನ ಮೇಲೆ ಪರದೆಯ ಪಕ್ಕಕ್ಕಿಟ್ಟಳು. ಸ್ಟೂಲಿನ ಮೇಲೆ ಕೀಬೋರ್ಡ್ ಇಟ್ಟಳು. ವೈರು ಎಟುಕಿತು.

ಪರೀಕ್ಷಕರು ಬಂದರು. ದಪ್ಪ ಕನ್ನಡಕದ, ಉದ್ದನೆಯ ಮನುಷ್ಯ. "ಏನಮ್ಮ ಇದು?"

"ಸ್ಟೂಲು ಸಾರ್."

"ಅದು ಕೂರೋದಕ್ಕೆ ಇರೋದು."

"ಕೂತು ನೋಡಿದೆ ಸಾರ್. ಆಗಲಿಲ್ಲ."

"ಎಲ್ಲರೂ ಕೂತಿದ್ದಾರಲ್ಲ."

"ಕೂರಬೇಕು ಅಂತ ಎಲ್ಲಿದೆ ತೋರಿಸಿ ಸಾರ್, ಕೂತ್ಕೋತೀನಿ. ಜಾಗ ಬಿಡಬಾರದು ಅಂತ ಇದೆ. ನಾನು ಬಿಟ್ಟಿಲ್ಲ." ತಪ್ಪು ಟಿಕೆಟ್ ಹಿಡಿದು ವಾದ ಮಾಡುವವರ ಮುಂದೆ ಅವಳು ಬಳಸುತ್ತಿದ್ದ ದನಿ ಅದು. ಏರದ, ಇಳಿಯದ ದನಿ.

ಪರೀಕ್ಷಕರು ಪ್ರವೇಶಪತ್ರ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದರು, ಹಿಂದೆ ತಿರುಗಿಸಿ ಅಲ್ಲೂ ಓದಿದರು. ಮೇಡಂ ಬೋರ್ಡಿನ ಮೇಲೆ ಏನೂ ಇಲ್ಲದಿದ್ದರೂ ಅಳಿಸುತ್ತ ನಿಂತಿದ್ದರು. "ಅಕ್ಕಪಕ್ಕದವರಿಗೆ ಸದ್ದಾದ್ರೆ ಕೂರಿಸಿಬಿಡ್ತೀನಿ" ಎಂದರು ಪರೀಕ್ಷಕರು.

"ಶೂ ಬಿಚ್ಚಿಟ್ಟಿದ್ದೀನಿ ಸಾರ್."

ಸದ್ದು ಬಂದದ್ದು ಬೇರೆ ಕಡೆಯಿಂದ. ಜೆರಾಕ್ಸ್ ತನ್ನ ಯಂತ್ರದ ಮುಂದೆ ಗಟ್ಟಿಯಾಗಿ ಮಾತಾಡುತ್ತಿದ್ದ. "ಬಟನ್ ಒತ್ತಿದ. ಆಮೇಲೆ? ಹೇಳು, ಆಮೇಲೆ?" ಪರೀಕ್ಷಕರು ಅತ್ತ ಓಡಿದರು. ಅವನನ್ನು ಸುಮ್ಮನಿರಿಸಿ ಇತ್ತ ತಿರುಗುವಷ್ಟರಲ್ಲಿ ಚಿಕ್ಕಮ್ಮನ ಪಾದಗಳು ಆಡತೊಡಗಿದ್ದವು. ಎಡಕ್ಕೆ, ಬಲಕ್ಕೆ. ಒಂದು ಬೆರಳು ಹೋಗಿ ನಾಲ್ಕು ಬೆರಳು ಆಗಿತ್ತು. ಬೇರೆಯವರ ಪರದೆಯಲ್ಲಿ ಬಣ್ಣ ಬಣ್ಣದ ಬಟನ್‌ಗಳು ಎದ್ದಿದ್ದವು. ಇವಳದು ಬರೀ ಬಿಳಿ. ಬಣ್ಣ ಬಳಿಯಲು ಅವಳಲ್ಲಿ ಹೊತ್ತು ಇರಲಿಲ್ಲ.

ಗಂಟೆ ಹೊಡೆದ ಮೇಲೆ ಪರೀಕ್ಷಕರು ಒಂದೊಂದೇ ಯಂತ್ರ ನೋಡುತ್ತ ಬಂದರು. ಚಿಕ್ಕಮ್ಮನ ಆ್ಯಪಿನಲ್ಲಿ ಸರಿಯಾದ ಸಂಖ್ಯೆ ಹಾಕಿದರು, ದಿನಾಂಕ ಬಂತು. ತಪ್ಪು ಸಂಖ್ಯೆ ಹಾಕಿದರು, ಈ ಸಂಖ್ಯೆಯ ಓದುಗರಿಲ್ಲ ಎಂದು ಬಂತು. ಏನೂ ಹಾಕದೆ ಬಟನ್ ಒತ್ತಿದರು. ಪರದೆಯ ಮೇಲೆ ಬಂತು: 'ಸಂಖ್ಯೆ ಹಾಕಿ ಮುಂದೆ ಹೋಗಿ, ದಾರಿಯಲ್ಲಿ ನಿಲ್ಲಬೇಡಿ.'

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ಎಂದು ಬರೆದಿದ್ದ ಬಟನ್ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು.

"ಇದು ಕೆಲಸ ಮಾಡ್ತಿಲ್ಲವಲ್ಲ."

"ಅದನ್ನ ಮಾಡೋಕೆ ಹೊತ್ತು ಸಾಲಲಿಲ್ಲ ಸಾರ್. ಕಿತ್ತುಹಾಕೋಕೂ ಹೊತ್ತು ಸಾಲಲಿಲ್ಲ."

ಅವರು ಏನೋ ಗುರುತು ಹಾಕಿಕೊಂಡು ಮುಂದೆ ಹೋದರು. ಅದು ಒಳ್ಳೆಯ ಗುರುತೋ ಕೆಟ್ಟದ್ದೋ ಅವಳಿಗೆ ಕಾಣಲಿಲ್ಲ.

ಫಲಿತಾಂಶ ಬರುವ ತನಕದ ದಿನಗಳು ಎಲ್ಲಕ್ಕಿಂತ ಕೆಟ್ಟವು. ಚಿಕ್ಕಮ್ಮನ ರೂಟಿನಲ್ಲಿ ಕಂಡಕ್ಟರ್ ಇಲ್ಲದ ಬಸ್ಸು ಓಡತೊಡಗಿತು, ಅವಳು ಕಿಟಕಿಗೆ ಹೋದಳು. ನಾನು ಒಮ್ಮೆ ನೋಡಲು ಹೋದಾಗ ಗಾಜಿನ ತೂತಿನಲ್ಲಿ ಮುಖವೇ ಇರಲಿಲ್ಲ, ಸಮವಸ್ತ್ರದ ಗುಂಡಿಗಳು ಕಾಣುತ್ತಿದ್ದವು. ಒಳಗೆ ಅವಳು ನಿಂತಿದ್ದಳು. ಒಬ್ಬ ಮುದುಕರು ತೂತಿಗೆ ಬಾಯಿಟ್ಟು, "ಯಾರಾದ್ರೂ ಇದ್ದೀರೇನಮ್ಮಾ?" ಎಂದು ಕೇಳುತ್ತಿದ್ದರು. ಮೇಲ್ವಿಚಾರಕ ಬಂದು ಕೂರಿಸಿ ಹೋದ. ಅವನು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಗುಂಡಿಗಳು.

ಮನೆಯಲ್ಲೂ ಅವಳ ನಡಿಗೆ ಬದಲಾಯಿತು. ಮೊದಲು ಓಡಾಟಕ್ಕೆ ಒಂದು ಗುರಿ ಇರುತ್ತಿತ್ತು. ಈಗ ಅರ್ಧಕ್ಕೆ ನಿಂತು, ಏತಕ್ಕೆ ಬಂದೆ ಎಂದು ನೆನಪಾಗದೆ ವಾಪಸು ಹೋಗುತ್ತಿದ್ದಳು. "ಆ ಹಿಂದೆ ಬಟನ್ನು" ಎನ್ನುತ್ತಿದ್ದಳು, ಅನ್ನ ಬಡಿಸುತ್ತ ಇದ್ದಕ್ಕಿದ್ದಂತೆ. "ಅದಕ್ಕೆ ಎಷ್ಟು ಅಂಕ ಕಳೆದಿರ್ತಾರೆ ಪುಟ್ಟಿ?" ನನಗೂ ಗೊತ್ತಿರಲಿಲ್ಲ. ಚಿಕ್ಕಪ್ಪ ತನ್ನ ತಟ್ಟೆ ಎತ್ತಿಕೊಂಡು ಎದ್ದು, ಅವಳ ಪಕ್ಕದಲ್ಲಿ ನಿಂತು ಊಟ ಮಾಡತೊಡಗಿದ. ಅವನಿಗೆ ಅದು ಒಗ್ಗುತ್ತಿರಲಿಲ್ಲ, ಸಾರು ಅಂಗಿಯ ಮೇಲೆ ಚೆಲ್ಲುತ್ತಿತ್ತು. ಆದರೂ ದಿನವೂ ನಿಂತ.

ಫಲಿತಾಂಶ ಬಂದಾಗ ಅವಳು ಕಿಟಕಿಯಲ್ಲಿದ್ದಳು, ಫೋನ್ ಎತ್ತುವಂತಿರಲಿಲ್ಲ. ನಾನೇ ನಿಲ್ದಾಣಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಗುಂಡಿಗಳ ಕಡೆ ಮುಖ ಮಾಡಿ, "ಪಾಸು ಚಿಕ್ಕಮ್ಮ" ಎಂದೆ. ಪ್ರಾಯೋಗಿಕದಲ್ಲಿ ಅಂಕ ಹೆಚ್ಚೇನೂ ಇರಲಿಲ್ಲ, ದಾಟಲು ಬೇಕಾದದ್ದಕ್ಕಿಂತ ಸ್ವಲ್ಪ ಮೇಲೆ. ಆ ಬಟನ್ನಿಗೆ ಅಂಕ ಕಳೆದೇ ಕಳೆದಿದ್ದರು. ಗುಂಡಿಗಳು ನಿಧಾನವಾಗಿ ಕೆಳಗಿಳಿದವು, ಅವಳ ಮುಖ ತೂತಿಗೆ ಬಂತು. ಮೊದಲ ಬಾರಿಗೆ ತಾನಾಗಿಯೇ ಆ ಕುರ್ಚಿಯಲ್ಲಿ ಕೂತಿದ್ದಳು.

"ಜೆರಾಕ್ಸು?" ಎಂದಳು.

ಅವನು ಪ್ರಾಯೋಗಿಕದಲ್ಲಿ ಇವಳಿಗಿಂತ ಮೇಲೆ ಬಂದಿದ್ದ. ಗಣಿತದಲ್ಲಿ ಹೋಗಿತ್ತು. ಮತ್ತೆ ಕಟ್ಟುತ್ತೇನೆ ಎಂದು ಅವನೇ ಹೇಳಿದನಂತೆ, ಯಾರೂ ಕೇಳುವ ಮೊದಲೇ. ಈಗ ಅಂಗಡಿಯಲ್ಲಿ ಜನ ಅರ್ಜಿ ಬರೆಸಲು ಬಂದರೆ, "ಇದು ಬೇಡ, ಹೀಗೆ ಬರೆಯೋಣ" ಎಂದು ವಾದಕ್ಕೆ ನಿಲ್ಲುತ್ತಾನೆ. ಗಿರಾಕಿಗಳಿಗೆ ಅದು ಅಷ್ಟೇನೂ ಹಿಡಿಸಿಲ್ಲ.

ಚಿಕ್ಕಮ್ಮ ಹೊಸ ವಿಭಾಗ ಸೇರಿ ಕೆಲವು ವಾರಗಳಾದ ಮೇಲೆ, ಅವಳು ಮನೆಯಲ್ಲಿ ಮರೆತು ಹೋಗಿದ್ದ ಕನ್ನಡಕ ಕೊಡಲು ನಾನು ಡಿಪೊಗೆ ಹೋಗಿದ್ದೆ. ಕೋಣೆಯಲ್ಲಿ ಅವಳಿಗೂ ಒಂದು ಮೇಜು, ಒಂದು ಕುರ್ಚಿ ಕೊಟ್ಟಿದ್ದರು. ಕುರ್ಚಿಗೆ ಹೊದಿಸಿ ಬಂದಿದ್ದ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. ಅದರ ಮೇಲೆ ಅವಳ ಊಟದ ಡಬ್ಬಿ ಕೂತಿತ್ತು.

"ಎಲ್ಲಿ ಇವರು?" ಎಂದು ಪಕ್ಕದ ಮೇಜಿನವರನ್ನು ಕೇಳಿದೆ.

ಅವರು ಕಿಟಕಿಯ ಕಡೆ ಕೈ ತೋರಿಸಿದರು. ಹೊರಗೆ ಅಂಗಳದ ತುಂಬ ಬಸ್ಸುಗಳು ಸಾಲಾಗಿ ನಿಂತಿದ್ದವು. "ಯಾವುದೋ ಒಂದರಲ್ಲಿ ಇರ್ತಾರೆ. ಹುಡುಕಿಕೊಂಡು ಹೋಗಬೇಡಿ, ನೀವು ಹತ್ತೋ ಹೊತ್ತಿಗೆ ಅವರು ಇಳಿದಿರ್ತಾರೆ. ಇಲ್ಲೇ ನಿಂತಿರಿ."

ನಾನು ಕನ್ನಡಕವನ್ನು ಡಬ್ಬಿಯ ಪಕ್ಕದಲ್ಲಿಟ್ಟು ಬಂದೆ.